ಬಂದು ಹೋಗುವ ಹೊಟ್ಟೆನೋವು: ಗೋಧಿ ಬಿಡುವ ಮುನ್ನ ಪರೀಕ್ಷೆ

ಒಂದು ಮನೆಯನ್ನು ಊಹಿಸಿಕೊಳ್ಳಿ. ಊರಿನಲ್ಲಿದ್ದಷ್ಟು ಕಾಲ ಮಗಳು ಚೆನ್ನಾಗಿಯೇ ಇದ್ದಳು. ಬೆಳಗ್ಗೆ ದೋಸೆ ಇಲ್ಲವೇ ಅವಲಕ್ಕಿ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಅನ್ನ. ಪಿಯುಸಿ ಮುಗಿಸಿ ದೆಹಲಿಯ ಕಾಲೇಜು ಸೇರಿದಳು. ಹಾಸ್ಟೆಲ್ಲಿನಲ್ಲಿ ಎರಡು ಹೊತ್ತೂ ರೋಟಿ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆ ಉಬ್ಬರ, ಭೇದಿ, ಸುಸ್ತು ಶುರುವಾಯಿತು. ಒಂದು ವಾರ ಇದ್ದರೆ ಇನ್ನೊಂದು ವಾರ ಇಲ್ಲ. ರಜೆಗೆ ಊರಿಗೆ ಬಂದರೆ ಕೆಲವೇ ದಿನಗಳಲ್ಲಿ ಮುಖಕ್ಕೆ ಕಳೆ ಬರುತ್ತದೆ. "ಹಾಸ್ಟೆಲ್ ಊಟ ನಿನಗೆ ಒಗ್ಗಲಿಲ್ಲ ಕಣೇ" ಎಂದು ಅಮ್ಮ ಹೇಳಿದರೆ, "ಪರೀಕ್ಷೆಯ ಹೆದರಿಕೆ, ಇನ್ನೇನಲ್ಲ" ಎಂದು ಅಪ್ಪ ತೀರ್ಪು ಕೊಡುತ್ತಾರೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ. ವೈದ್ಯರ ಬಳಿ ಹೋಗೋಣವೆಂದರೆ ಆ ಹೊತ್ತಿಗೆ ನೋವೇ ಇರುವುದಿಲ್ಲ. ಇಲ್ಲದ ನೋವಿಗೆ ಯಾವ ಪರೀಕ್ಷೆ ಮಾಡಿಸುವುದು?

ಹೀಗೆ ಬಂದು ಹೋಗುವ ಹೊಟ್ಟೆನೋವಿಗೆ ಕಾರಣಗಳು ಹಲವು. ಜಂತುಹುಳು, ಕಲುಷಿತ ನೀರಿನ ಸೋಂಕು, ಹಾಲು ಜೀರ್ಣವಾಗದಿರುವುದು, ಮನಸ್ಸಿನ ಒತ್ತಡ ಇವೆಲ್ಲ ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ಸುಲಭವಾಗಿ ಕಣ್ತಪ್ಪಿಹೋಗುವ ಹೆಸರು ಸೀಲಿಯಾಕ್ ಕಾಯಿಲೆ. ಇದನ್ನು ಪತ್ತೆಹಚ್ಚಲು ನೋವಿರುವ ದಿನಕ್ಕಾಗಿ ಕಾಯಬೇಕಿಲ್ಲ. ಆದರೆ ಪರೀಕ್ಷೆಗೆ ಮುನ್ನ ಪಾಲಕರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಒಂದು ಕೆಲಸ ಆ ಪರೀಕ್ಷೆಯನ್ನೇ ಹಾಳುಮಾಡಬಲ್ಲದು. ಅದು, ಮಗುವಿಗೆ ಗೋಧಿ ಕೊಡುವುದನ್ನು ನಿಲ್ಲಿಸಿಬಿಡುವುದು.

ಏನಿದು ಕಾಯಿಲೆ?

ಚಪಾತಿ ಹಿಟ್ಟನ್ನು ನಾದಿದಾಗ ಬರುವ ಜಿಗುಟಿಗೆ ಕಾರಣ ಗ್ಲುಟೆನ್ ಎಂಬ ಪ್ರೋಟೀನು. ಗೋಧಿಯಲ್ಲಿರುವಂತೆ ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ಸಂಬಂಧಿಗಳಿವೆ. ಬಹುಪಾಲು ಜನರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಹುಟ್ಟಿನಿಂದಲೇ ಒಂದು ಬಗೆಯ ವಂಶವಾಹಿ ಪಡೆದ ಕೆಲವರಲ್ಲಿ, ಗ್ಲುಟೆನ್ ಕಂಡೊಡನೆ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ ತನ್ನದೇ ಸಣ್ಣ ಕರುಳಿನ ಮೇಲೆ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ಎದ್ದುನಿಂತಿರುವ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಆಹಾರದ ಸಾರವನ್ನು ಹೀರಿಕೊಳ್ಳುವುದು ಈ ಚಾಚುಗಳೇ. ಅವು ಹೋದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಇದು ಹೊಟ್ಟೆಗಷ್ಟೇ ಸೀಮಿತವಾದ ತೊಂದರೆಯಲ್ಲ. ಕಬ್ಬಿಣದಂಶವನ್ನು ಹೀರಿಕೊಳ್ಳುವ ಸಣ್ಣ ಕರುಳಿನ ಮೊದಲ ಭಾಗವೇ ಮೊದಲು ಪೆಟ್ಟು ತಿನ್ನುವುದರಿಂದ, ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತಹೀನತೆ ಇದರ ಒಂದು ಮುಖ್ಯ ಗುರುತು. ವಯಸ್ಸಿಗೆ ತಕ್ಕ ಎತ್ತರ ಬಾರದಿರುವುದು, ತಡವಾಗಿ ಮೈನೆರೆಯುವುದು, ಮರುಕಳಿಸುವ ಬಾಯಿಹುಣ್ಣು, ಹಲ್ಲಿನ ಹೊಳಪಿನ ಪದರದಲ್ಲಿ ದೋಷ, ಕಾರಣವಿಲ್ಲದ ಆಯಾಸ ಇವೂ ಲಕ್ಷಣಗಳೇ. ಕೆಲವು ಮಕ್ಕಳಲ್ಲಿ ಭೇದಿಯ ಬದಲು ಮಲಬದ್ಧತೆ ಕಾಣಿಸಿಕೊಳ್ಳುವುದೂ ಉಂಟು. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎನ್ನುವ ಮೊದಲು ಅವನ ರಕ್ತದ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡುವುದು ಲೇಸು.

ಲಕ್ಷಣ ಬಂದು ಹೋಗುವುದೇಕೆ?

ಮೊದಲನೆಯದಾಗಿ, ನಾವು ತಿನ್ನುವ ಗೋಧಿಯ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಎರಡನೆಯದಾಗಿ, ಸಣ್ಣ ಕರುಳು ಹಲವು ಮೀಟರ್ ಉದ್ದವಿದೆ. ಮೇಲ್ಭಾಗ ಹಾಳಾದರೂ ಕೆಳಭಾಗ ಸ್ವಲ್ಪ ಕಾಲ ಆ ಕೆಲಸವನ್ನು ತೂಗಿಸಿಕೊಂಡು ಹೋಗುತ್ತದೆ. ಮೂರನೆಯದಾಗಿ, ಗೋಧಿ ತಿಂದ ಕೂಡಲೇ ತೊಂದರೆ ಕಾಣಿಸಿಕೊಳ್ಳಬೇಕೆಂದಿಲ್ಲ. ಗಂಟೆಗಳು, ಕೆಲವೊಮ್ಮೆ ದಿನಗಳೇ ಕಳೆಯಬಹುದು. ಭಾನುವಾರ ತಿಂದ ಪೂರಿಗೂ ಮಂಗಳವಾರದ ಹೊಟ್ಟೆನೋವಿಗೂ ಯಾರು ತಾನೆ ಗಂಟು ಹಾಕುತ್ತಾರೆ? ಇನ್ನು, ಬಾಲ್ಯದಲ್ಲಿ ಕಾಣಿಸಿಕೊಂಡ ಲಕ್ಷಣಗಳು ಹರೆಯದಲ್ಲಿ ತಾವಾಗಿಯೇ ತಣ್ಣಗಾಗಿ, ದೊಡ್ಡವರಾದ ಮೇಲೆ ಮತ್ತೆ ತಲೆಯೆತ್ತುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನೋವು ನಿಂತಿತೆಂದರೆ ಕರುಳು ಮಾಗಿತು ಎಂದು ಅರ್ಥವಲ್ಲ.

ಬಾಳೆಹಣ್ಣು ಕಲಿಸಿದ ಪಾಠ

ಲಕ್ಷಣಗಳ ಈ ಏರಿಳಿತ ದೊಡ್ಡ ವೈದ್ಯರನ್ನೇ ದಾರಿ ತಪ್ಪಿಸಿತ್ತು. ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿ, ಆಹಾರದಿಂದಲೇ ಇದಕ್ಕೆ ಪರಿಹಾರ ಸಿಗಬೇಕು ಎಂದಿದ್ದರು. ಯಾವ ಆಹಾರವೆಂಬುದು ಮಾತ್ರ ತಿಳಿದಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬ್ರೆಡ್ಡು ಮುಂತಾದವನ್ನು ಬಿಡಿಸಿ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಕೀರ್ತಿಯೆಲ್ಲ ಬಾಳೆಹಣ್ಣಿಗೆ ಹೋಯಿತು! ಚೇತರಿಕೆಗೆ ಕಾರಣ ಮಗು ಬಿಟ್ಟ ಬ್ರೆಡ್ಡು ಎಂಬುದು ಯಾರಿಗೂ ಹೊಳೆಯಲಿಲ್ಲ.

ಗುಟ್ಟು ಬಿಡಿಸಿದವರು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. 1930ರ ದಶಕದಲ್ಲಿಯೇ ಅವರಿಗೆ ಗೋಧಿಯ ಮೇಲೆ ಅನುಮಾನ ಬಂದಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೂ ಬರ ಬಂದಾಗ ಆ ಅನುಮಾನ ಬಲವಾಯಿತು. ಅವರು ಗೋಧಿಯನ್ನು ಬಿಡಿಸಿ, ಮತ್ತೆ ಕೊಟ್ಟು, ಮಕ್ಕಳ ಬೆಳವಣಿಗೆಯನ್ನು ದೀರ್ಘಕಾಲ ಅಳೆದು ನೋಡಿದರು. 1950ರಲ್ಲಿ ಮಂಡಿಸಿದ ತಮ್ಮ ಪ್ರಬಂಧದಲ್ಲಿ ಅದನ್ನು ಅಂಕಿಅಂಶಗಳೊಡನೆ ದಾಖಲಿಸಿದರು. ಒಂದೆರಡು ದಿನದ ಗುಣವನ್ನು ನಂಬದೆ ಅಳತೆಯನ್ನು ನಂಬಿದ್ದು ಅವರ ಹೆಚ್ಚುಗಾರಿಕೆ. ಇಂದಿನ ಪಾಲಕರಿಗೂ ಇದೇ ಪಾಠ.

ನಮ್ಮ ಕಡೆ ಇದೆಯೇ?

"ಇದೆಲ್ಲ ರೊಟ್ಟಿ ಬ್ರೆಡ್ಡು ತಿನ್ನುವವರ ಕಾಯಿಲೆ" ಎನ್ನುವ ಮಾತಿನಲ್ಲಿ ಸ್ವಲ್ಪ ನಿಜವಿದೆ. ಭಾರತದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಯಲ್ಲಿ ಮಾತ್ರ ಕಂಡುಬಂದವು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು 25 ಗ್ರಾಂ. ಆದರೆ ಕಾಯಿಲೆಗೆ ಎಡೆಮಾಡಿಕೊಡುವ ವಂಶವಾಹಿಯ ವಿಷಯದಲ್ಲಿ ದಕ್ಷಿಣದವರು ಹಿಂದೆ ಬಿದ್ದಿರಲಿಲ್ಲ ಎಂಬುದು ಗಮನಾರ್ಹ.

ಆದ್ದರಿಂದ ಪ್ರತಿ ಹೊಟ್ಟೆನೋವಿಗೂ ಸೀಲಿಯಾಕ್ ಎಂದು ಹೆದರಬೇಕಿಲ್ಲ. ನಮ್ಮಲ್ಲಿ ಅದು ವಿರಳವೇ. ಆದರೆ ಬ್ರೆಡ್ಡು, ಬಿಸ್ಕೆಟ್, ನೂಡಲ್ಸ್, ಗೋಬಿ ಮಂಚೂರಿ ನಿತ್ಯದ ತಿಂಡಿಗಳಾಗಿರುವಾಗ, ಮಕ್ಕಳು ಓದಲು ಉತ್ತರಕ್ಕೂ ಹೊರದೇಶಕ್ಕೂ ಹೋಗುತ್ತಿರುವಾಗ, "ನಮ್ಮವರಿಗೆ ಬರುವುದಿಲ್ಲ" ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ.

ಪರೀಕ್ಷೆ ಹೇಗೆ?

ಮೊದಲ ಹೆಜ್ಜೆ ಸರಳವಾದ ರಕ್ತಪರೀಕ್ಷೆ. ಇದಕ್ಕೆ ಟಿಟಿಜಿ-ಐಜಿಎ ಎಂದು ಹೆಸರು. ಕರುಳಿನ ಮೇಲೆ ದಾಳಿ ಮಾಡುವಾಗ ದೇಹ ತಯಾರಿಸುವ ಪ್ರತಿಕಾಯಗಳನ್ನು ಇದು ಅಳೆಯುತ್ತದೆ. ಗೋಧಿಯ ಊಟ ನಡೆದಿರುವವರೆಗೆ ಈ ಪ್ರತಿಕಾಯಗಳು ಸಾಮಾನ್ಯವಾಗಿ ರಕ್ತದಲ್ಲಿ ಇದ್ದೇ ಇರುತ್ತವೆ. ಹೊಟ್ಟೆನೋವಿನಂತೆ ಇಂದು ಬಂದು ನಾಳೆ ಹೋಗುವಂಥವಲ್ಲ. ಆದ್ದರಿಂದ ನೋವಿಲ್ಲದ ದಿನವೂ ಪರೀಕ್ಷೆ ಮಾಡಿಸಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೂ ಇಲ್ಲ.

ಇದರ ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ಅಳೆಸಬೇಕು. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಮಂದಿಯ ದೇಹದಲ್ಲಿ ಐಜಿಎ ತಯಾರಾಗುವುದೇ ಇಲ್ಲ. ಅವರಲ್ಲಿ ಮೊದಲ ಪರೀಕ್ಷೆ "ಇಲ್ಲ" ಎಂದು ಸುಳ್ಳು ಹೇಳುತ್ತದೆ. ಅಂಥವರಿಗೆ ಬೇರೆ ಬಗೆಯ ಪ್ರತಿಕಾಯ ಪರೀಕ್ಷೆಯಿದೆ.

ರಕ್ತಪರೀಕ್ಷೆ ಅನುಮಾನ ಹುಟ್ಟಿಸಿದರೆ ಎಂಡೊಸ್ಕೋಪಿ. ಮಗುವಿಗೆ ಮಂಪರು ಬರಿಸಿ, ಬಾಯಿಯ ಮೂಲಕ ತೆಳುವಾದ ಕೊಳವೆ ಇಳಿಸಿ, ಸಣ್ಣ ಕರುಳಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾನಿ ಎಲ್ಲ ಕಡೆ ಒಂದೇ ಸಮನಾಗಿರದೆ ಅಲ್ಲಲ್ಲಿ ಇರಬಹುದಾದ್ದರಿಂದ ಹಲವು ಜಾಗಗಳಿಂದ ಚೂರು ತೆಗೆಯುವುದು ಕ್ರಮ. ಮಕ್ಕಳಲ್ಲಿ ಪ್ರತಿಕಾಯದ ಮಟ್ಟ ಸಾಮಾನ್ಯ ಮಿತಿಯ 10 ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಎರಡನೇ ರಕ್ತಮಾದರಿಯಲ್ಲಿ ಇಎಂಎ ಎಂಬ ಇನ್ನೊಂದು ಪರೀಕ್ಷೆಯೂ ಹೌದೆಂದರೆ, ಪಾಲಕರೊಡನೆ ಚರ್ಚಿಸಿ ಈ ಹಂತವನ್ನು ಕೈಬಿಡಬಹುದೆಂದು ಯುರೋಪಿನ ಮಕ್ಕಳ ತಜ್ಞರ ಸಂಘ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆ ತೀರ್ಮಾನ ವೈದ್ಯರದ್ದು.

ಗೋಧಿ ಬಿಟ್ಟರೆ ಏನಾಗುತ್ತದೆ?

ಗೋಧಿ ನಿಲ್ಲಿಸಿದರೆ ದಾಳಿ ನಿಲ್ಲುತ್ತದೆ. ಪ್ರತಿಕಾಯಗಳು ಮೆಲ್ಲನೆ ಇಳಿಯುತ್ತವೆ, ಕರುಳು ಮಾಗತೊಡಗುತ್ತದೆ. ಆಗ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಕಳ್ಳ ಮನೆ ಬಿಟ್ಟ ಮೇಲೆ ಮನೆಯೆಲ್ಲ ತಡಕಿದಂತೆ!

"ಬಿಟ್ಟ ಮೇಲೆ ಗುಣ ಕಾಣುತ್ತಿದೆಯಲ್ಲ, ಅದೇ ಸಾಕ್ಷಿ" ಎನ್ನುವವರಿದ್ದಾರೆ. ಅದು ಸಾಕ್ಷಿಯಾಗದು. ಗೋಧಿಯಲ್ಲಿರುವ ಕೆಲವು ಶರ್ಕರಗಳು ಸೀಲಿಯಾಕ್ ಇಲ್ಲದವರಿಗೂ ಹೊಟ್ಟೆ ಉಬ್ಬರ ತರಬಲ್ಲವು. ಸೀಲಿಯಾಕ್ ಆದರೋ ಜೀವನಪರ್ಯಂತ ಕಟ್ಟುನಿಟ್ಟಿನ ಪಥ್ಯ ಬೇಡುತ್ತದೆ, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಾಗುತ್ತದೆ. ಅಷ್ಟು ದೊಡ್ಡ ನಿರ್ಧಾರ ಬರೀ ಊಹೆಯ ಮೇಲೆ ನಿಲ್ಲಬಾರದು.

ಈಗಾಗಲೇ ಬಿಟ್ಟವರು ಪರೀಕ್ಷೆಗಾಗಿ ಮತ್ತೆ ತಿನ್ನಬೇಕಾಗುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ಪ್ರತಿದಿನ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕೆಂದು ಬ್ರಿಟನ್ನಿನ 2015ರ ಮಾರ್ಗಸೂಚಿ ಹೇಳುತ್ತದೆ. ವೈದ್ಯರ ಕಣ್ಗಾವಲಿಲ್ಲದೆ ಇದನ್ನು ಮಾಡಕೂಡದು. 5 ವರ್ಷದೊಳಗಿನ ಮಕ್ಕಳಲ್ಲಿ ಮತ್ತು ಹರೆಯದ ಬೆಳವಣಿಗೆಯ ಕಾಲದಲ್ಲಿ ಇದನ್ನು ಆದಷ್ಟು ತಪ್ಪಿಸುತ್ತಾರೆ. ಮೊದಲೇ ಪರೀಕ್ಷೆ ಮಾಡಿಸಿದ್ದರೆ ಈ ಪಾಡು ಬೇಕಿರಲಿಲ್ಲ.

ಮುದ್ದೆ, ಅನ್ನ, ಜೋಳದ ರೊಟ್ಟಿಯ ಮನೆಗಳು ಇನ್ನೊಂದು ಎಚ್ಚರ ವಹಿಸಬೇಕು. ವಾರಕ್ಕೊಮ್ಮೆ ಉಪ್ಪಿಟ್ಟು, ಹಬ್ಬಕ್ಕೊಮ್ಮೆ ಹೋಳಿಗೆ ಎನ್ನುವ ಮನೆಯ ಮಗು ಗೋಧಿ ಬಿಡದೆಯೂ ಹೆಚ್ಚುಕಡಿಮೆ ಬಿಟ್ಟಂತೆಯೇ ಇರುತ್ತದೆ. ಮಗು ನಿಜವಾಗಿ ಎಷ್ಟು ಗೋಧಿ ತಿನ್ನುತ್ತದೆ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು. ಹಾಸ್ಟೆಲ್ಲಿನಿಂದ ಬಂದ ವಿದ್ಯಾರ್ಥಿ ರಜೆ ಮುಗಿಯುವ ಹೊತ್ತಿಗೆ ರಕ್ತ ಕೊಡುವುದಕ್ಕಿಂತ, ಬಂದ ಮೊದಲ ದಿನಗಳಲ್ಲೇ ಕೊಡುವುದು ಉತ್ತಮ.

ಪುಟ್ಟ ದಿನಚರಿ

ವೈದ್ಯರನ್ನು ಕಾಣುವ ಮುನ್ನ ಎರಡು ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಉಪಯುಕ್ತ. ಏನು ತಿಂದದ್ದು, ಯಾವಾಗ ನೋವು, ಎಷ್ಟು ಸಲ ಭೇದಿ, ಶಾಲೆ ತಪ್ಪಿದ ದಿನಗಳೆಷ್ಟು? ಕಳೆದ ವರ್ಷಗಳ ಎತ್ತರ, ತೂಕ ಮತ್ತು ಹಿಮೋಗ್ಲೋಬಿನ್ ಲೆಕ್ಕವೂ ಇರಲಿ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಸೀಲಿಯಾಕ್ ಇದ್ದರೆ, ಮಗುವಿಗೆ ಟೈಪ್ 1 ಮಧುಮೇಹ ಅಥವಾ ಥೈರಾಯ್ಡ್ ತೊಂದರೆಯಿದ್ದರೆ ಅದನ್ನೂ ತಿಳಿಸಬೇಕು. ಇಂಥವರಲ್ಲಿ ಸೀಲಿಯಾಕ್ ಬರುವ ಸಂಭವ ಹೆಚ್ಚು. ಒಮ್ಮೆ ಇಲ್ಲವೆಂದು ಬಂದರೆ ಅದು ಜೀವನಪೂರ್ತಿ ಸಿಕ್ಕ ಅಭಯವಲ್ಲ. ಲಕ್ಷಣ ಮರಳಿದರೆ ಮರುಪರೀಕ್ಷೆ ಬೇಕಾಗಬಹುದು.

ಹೌದೆಂದು ಬಂದರೆ?

ಇದಕ್ಕೆ ಔಷಧವೆಂದರೆ ಗ್ಲುಟೆನ್ ಇಲ್ಲದ ಊಟ. ಅಲಕ್ಷಿಸಿದರೆ ಮೂಳೆ ಟೊಳ್ಳಾಗುವ, ಬೆಳವಣಿಗೆ ಕುಂಠಿತವಾಗುವ, ಅಪರೂಪಕ್ಕೆ ಕರುಳಿನ ಕ್ಯಾನ್ಸರಿನ ಅಪಾಯವೂ ಇದೆ. ಚಪಾತಿಯ ನಾಡಿನಲ್ಲಿ ಈ ಪಥ್ಯ ಬಲು ಕಷ್ಟ. ಕನ್ನಡನಾಡಿನ ಅಡುಗೆಮನೆಗೆ ಅಷ್ಟು ಕಷ್ಟವಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ ಯಾವುದರಲ್ಲೂ ಸಹಜವಾಗಿ ಗ್ಲುಟೆನ್ ಇಲ್ಲ. ಎಚ್ಚರ ಬೇಕಾದದ್ದು ಮರೆಯಲ್ಲಿರುವ ಗೋಧಿಯ ಬಗ್ಗೆ. ರವೆ, ಮೈದಾ, ಶಾವಿಗೆ ಗೋಧಿಯವೇ. ಪುಡಿ ಇಂಗಿನಲ್ಲಿಯೂ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ ಅದರಲ್ಲೂ ಗೋಧಿ ಸೇರುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಹಿರಿಯರ ಮಾತು. ಊಟದಲ್ಲಿ ಯಾವುದು ತನಗೆ ಆಗದು ಎಂಬುದನ್ನು ಬಲ್ಲವನಿಗೂ ಆ ಮಾತು ಸಲ್ಲುತ್ತದೆ. ಆ ಅರಿವು ಪರೀಕ್ಷೆಯಿಂದ ಬರಲಿ. ಅಲ್ಲಿಯವರೆಗೆ ಮಗುವಿನ ತಟ್ಟೆಯ ಚಪಾತಿ ಹಾಗೆಯೇ ಇರಲಿ.