ಪವರಾ, ನಾರ್ಮಲಾ ಸಾರ್?

ಭವಾನಿಪುರಂನಲ್ಲಿ ನಮ್ಮ ಮನೆ ಹತ್ತಿರದ ಬಂಕಿಗೆ ಹೋದಾಗಲೆಲ್ಲ ಹುಡುಗ ಕೇಳುವುದು ಇದನ್ನೇ. ವಿಜಯವಾಡದಲ್ಲಿ 2025ರಲ್ಲಿ ಸಾದಾ ಪೆಟ್ರೋಲೇ ಲೀಟರಿಗೆ 109 ರೂಪಾಯಿ ಆಸುಪಾಸು ಇತ್ತು. ಬೆಂಗಳೂರಿನ ಗೆಳೆಯರಿಗೆ ಹೇಳಿದರೆ "ಅಯ್ಯೋ" ಅಂತಾರೆ. ಉತ್ತರ ಯೋಚಿಸಿ ಕೊಡಬೇಕಾದ ಪ್ರಶ್ನೆಯೇ. ನಾನು ಬಹಳ ದಿನ ಯೋಚಿಸದೆ "ಪವರ್" ಅನ್ನುತ್ತಿದ್ದೆ.

ನನ್ನದು ಒಂದೂವರೆ ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್. ಕೊಂಡ ಹೊಸತರಲ್ಲಿ ಹುಚ್ಚು ಹತ್ತಿ ರೀಮ್ಯಾಪ್ ಮಾಡಿಸಿದೆ. ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಟರ್ಬೊ ಒತ್ತಡ ಹೆಚ್ಚಿಸುವ ಕೆಲಸ ಅದು; ಸಾಫ್ಟ್‌ವೇರ್ ಅಂದಮೇಲೆ ನನಗೆ ಗೊತ್ತೇ ಇದೆ ಅನ್ನುವ ಜಂಬ ಬೇರೆ. ಮಾಡಿಕೊಟ್ಟವರು ಒಂದೇ ಮಾತು ಹೇಳಿದ್ದರು: ಇನ್ನು ಮೇಲೆ 97ಕ್ಕಿಂತ ಕಡಿಮೆ ಹಾಕಬೇಡಿ.

2023ರ ಮೇ ತಿಂಗಳು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಟೆ. ದಾರಿಯ ಬಂಕುಗಳಲ್ಲಿ ಸಿಕ್ಕಿದ್ದು ಸಾದಾ ಪೆಟ್ರೋಲ್. ಒಂದು ಸಲಕ್ಕೇನಾಗುತ್ತೆ ಎಂದು ತುಂಬಿಸಿದೆ. ಚಿತ್ತೂರು ದಾಟಿ ಪಲಮನೇರು ಕಡೆ ಮೊಗಿಲಿ ಘಾಟ್ ಹತ್ತುವಾಗ, ಸುಡುಬಿಸಿಲು, ತುಂಬಿದ ಡಿಕ್ಕಿ, ಎಸಿ ಆನ್. ಗೇರ್ ಇಳಿಸದೆ ಆಕ್ಸಿಲೇಟರ್ ಒತ್ತಿದೆ. ಹಿಂದಿನ ಸೀಟಿನಿಂದ ಅಪ್ಪ, "ಏನೋ ಅದು, ಡಬ್ಬೀಲಿ ಕಲ್ಲು ಅಲ್ಲಾಡಿಸಿದ ಹಾಗೆ?" ಅಂದರು.

ಅದೇ ನಾಕಿಂಗ್. ಸ್ಪಾರ್ಕ್ ಹೊತ್ತಿಸಿದ ಬೆಂಕಿ ಸಿಲಿಂಡರಿನ ಉದ್ದಕ್ಕೂ ಹಬ್ಬುವ ಮೊದಲೇ, ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ, ಶಾಖಕ್ಕೆ ತಾನಾಗಿ ಹತ್ತಿಕೊಳ್ಳುತ್ತದೆ. ಆ ಹೊಡೆತ ಬೀಳುವುದು ಪಿಸ್ಟನ್ ಮೇಲೆ. ಹೀಗೆ ಅವಸರಕ್ಕೆ ಹತ್ತಿಕೊಳ್ಳದೆ ತಡೆಯುವ ಗುಣವೇ ಆಕ್ಟೇನ್. ಐಸೊ-ಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0 ಎಂದಿಟ್ಟು ಅಳೆಯುತ್ತಾರೆ. ಅದು ಶಕ್ತಿಯ ಲೆಕ್ಕವಲ್ಲ. ತಾಳ್ಮೆಯ ಲೆಕ್ಕ ಅನ್ನಬಹುದು. ಕಂಪ್ರೆಶನ್ ಹೆಚ್ಚಿರುವ ಎಂಜಿನ್ನಿಗೆ, ಟರ್ಬೊಗೆ ಅದು ಬೇಕು. ಸಾದಾ ಹ್ಯಾಚ್‌ಬ್ಯಾಕಿಗೆ 100 ಆಕ್ಟೇನ್ ಸುರಿದರೆ ಹಗುರಾಗುವುದು ಜೇಬು ಮಾತ್ರ.

ನಾನು ತಕ್ಷಣ ಎರಡು ಗೇರ್ ಇಳಿಸಿ ಕಾಲು ಸಡಿಲಿಸಿದೆ, ಸದ್ದು ನಿಂತಿತು. ಆರ್‌ಪಿಎಂ ಏರಿದರೆ ಆ ಮಿಶ್ರಣಕ್ಕೆ ತಾನಾಗಿ ಹತ್ತಿಕೊಳ್ಳಲು ಸಮಯ ಸಾಲದು. ಕಾರ್ಖಾನೆಯ ಸೆಟ್ಟಿಂಗಿನಲ್ಲಿ ಇಷ್ಟು ದೂರ ಹೋಗುತ್ತಲೇ ಇರಲಿಲ್ಲ: ನಾಕ್ ಸೆನ್ಸರ್ ಕೇಳಿಸಿಕೊಂಡು ಇಗ್ನಿಷನ್ ಹಿಂದಕ್ಕೆ ಸರಿಸುತ್ತದೆ, ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ನಾನು ರೀಮ್ಯಾಪಿನಲ್ಲಿ ದುಡ್ಡು ಕೊಟ್ಟು ತೆಗೆಸಿದ್ದು ಆ ಅಂತರವನ್ನೇ. ಮುಳಬಾಗಿಲು ತಲುಪುವವರೆಗೂ ಬೆವರಿದ್ದು ಬಿಸಿಲಿಗಲ್ಲ.

ವಾಪಸ್ ಬಂದವನೇ ಹಳೆಯ ಮ್ಯಾಪ್ ಹಾಕಿಸಿಬಿಟ್ಟೆ.

ಅಂದಿನಿಂದ ಬಂಕಿನ ಲೆಕ್ಕವೂ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್, ಈಗ ಎಲ್ಲೆಡೆ ಸಾಮಾನ್ಯ. ಎಥೆನಾಲಿನ ಆಕ್ಟೇನ್ ಸುಮಾರು 108. ಹಾಗಾಗಿ ಮೊದಲು 91 ಇದ್ದ ಸಾದಾ ಪೆಟ್ರೋಲ್ ಈಗ 95. ಆದರೆ ಎಥೆನಾಲಿನಲ್ಲಿ ಲೀಟರಿಗೆ ಶಕ್ತಿ ಮೂರನೇ ಒಂದರಷ್ಟು ಕಡಿಮೆ. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಿಗೆ ಮೈಲೇಜ್ 6-7 ಶೇಕಡಾ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆಕ್ಟೇನ್ ಏರಿತು, ಮೈಲೇಜ್ ಇಳಿಯಿತು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಇದು ಇನ್ನೂ ಯಾರಿಗೂ ಅರಗಿಲ್ಲ.

ನಿಮ್ಮ ಕಾರಿಗೆಷ್ಟು ಬೇಕು ಎನ್ನುವುದು ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿದೆ, ಇಲ್ಲದಿದ್ದರೆ ಮ್ಯಾನುಯಲ್‌ನಲ್ಲಿ. ಅಲ್ಲಿ 95 ಎಂದಿದ್ದರೆ ಇ20ರ ಆಕ್ಟೇನ್ ಸಾಕು. ಕಾರು ಇ20ಕ್ಕೆ ಒಗ್ಗುತ್ತದೆಯೇ ಎಂಬುದನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಿ. 98 ಎಂದಿರುವ ಕಾರುಗಳಿಗೆ, ರೀಮ್ಯಾಪ್ ಆದವಕ್ಕೆ ಹೆಚ್ಚಿನದು ಬೇಕೇ ಬೇಕು. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100, 2020ರ ಡಿಸೆಂಬರಿನಲ್ಲಿ ಬಂದದ್ದು, ಇಂಥವಕ್ಕೇ. ಪಂಪಿನ ಮೇಲಿನ ಹೆಸರು ಬಿಡಿ, ಅಂಕಿ ಓದಿ: ಎಂಜಿನ್ ಶುಚಿಗೆ ಬೆರೆಸುವ ಔಷಧಕ್ಕೂ ಆಕ್ಟೇನಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿರುವ ತಮ್ಮ "ಇಲ್ಲಿ 87 ಹಾಕ್ತೀವಿ" ಅಂದರೆ ಗಾಬರಿ ಬೇಡ, ಅಲ್ಲಿ ಅಳೆಯುವ ರೀತಿ ಬೇರೆ. ಅದು ನಮ್ಮ 91ಕ್ಕೆ ಹತ್ತಿರ.

ಕಳೆದ ತಿಂಗಳು ಅಪ್ಪ ಮತ್ತೆ ಬಂದಿದ್ದರು. ಬಂಕಿನಲ್ಲಿ ಹುಡುಗ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅಪ್ಪನೇ, "ನಾರ್ಮಲ್ ಹಾಕಪ್ಪ" ಅಂದರು.