ಕೈಯಾರೆ ಬರೆದ ಕರೆಯೋಲೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಬರಿಯ ಖರ್ಚನ್ನು ನೆನೆದು ಅದನ್ನು ಹೇಳಿರಲಾರರು. ಖರ್ಚಿಗೆ ಸಾಲವಾದರೂ ಹುಟ್ಟುತ್ತದೆ. ಕರೆಯಲು ಮರೆತುಹೋದ ಸೋದರತ್ತೆಯ ಮುನಿಸನ್ನು ತೀರಿಸಲು ಯಾವ ಬ್ಯಾಂಕಿನಲ್ಲಿಯೂ ಸಾಲ ದೊರೆಯದು. ಮದುವೆಯ ಮನೆಯ ನೂರೆಂಟು ಕೆಲಸಗಳಲ್ಲಿ ಕರೆಯುವ ಕೆಲಸವೇ ಅತ್ಯಂತ ನಾಜೂಕಿನದು. ಸಾರು ತುಸು ಸಪ್ಪೆಯಾದರೆ ಬಂಧುಗಳು ಕ್ಷಮಿಸಿಯಾರು, ವಾಲಗ ಅಪಸ್ವರವಾದರೂ ಸಹಿಸಿಯಾರು. “ನಮ್ಮನ್ನು ಸರಿಯಾಗಿ ಕರೆಯಲಿಲ್ಲ” ಎಂಬ ಮಾತೊಂದು ಹುಟ್ಟಿತೆಂದರೆ ಅದು ಎರಡು ತಲೆಮಾರು ಬಾಳುತ್ತದೆ.

ಈಗ ನಗರದ ಕೆಲವು ಮನೆಗಳಲ್ಲಿ ಲಗ್ನಪತ್ರಿಕೆಯನ್ನು ಅಂಗಡಿಯಲ್ಲಿ ಅಚ್ಚು ಹಾಕಿಸದೆ ಮನೆಮಂದಿಯೇ ಕುಳಿತು ಕೈಯಿಂದ ತಯಾರಿಸುವುದುಂಟು. ನೋಡಿದವರು ಅದನ್ನು ಷೋಕಿ ಎನ್ನಬಹುದು. ಇನ್ನು ಕೆಲವರು ಜಿಪುಣತನವೆಂದು ಮೂಗು ಮುರಿಯಬಹುದು. ಆದರೆ ಕರೆಯೋಲೆಯ ಹಿಂದಿನ ಕಥೆಯನ್ನು ಬಲ್ಲವರು ಹಾಗೆ ಹೇಳಲಾರರು.

ಲೇಖನಿಯಿಂದ ಅಚ್ಚಿನ ಮನೆಗೆ

ಲಗ್ನಪತ್ರಿಕೆಯೆಂಬ ಹೆಸರು ಇಂದು ಅಚ್ಚಾದ ಆಹ್ವಾನ ಪತ್ರಕ್ಕೆ ಸಲ್ಲುತ್ತಿದೆಯಾದರೂ ಅದರ ಮೂಲಾರ್ಥ ಬೇರೆ. ನಿಶ್ಚಿತಾರ್ಥದ ದಿನ ಉಭಯ ಪಕ್ಷದ ಹಿರಿಯರೂ ಕುಳಿತಿರುವಾಗ ಪುರೋಹಿತರು ಶಾಲಿವಾಹನ ಶಕ, ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಲಗ್ನಗಳನ್ನೂ ವಧೂವರರ ಗೋತ್ರನಾಮಗಳನ್ನೂ ಕೈಯಲ್ಲಿ ಬರೆದು, ಸಭೆಯಲ್ಲಿ ಓದಿ ಹೇಳಿ, ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿ, ತಾಂಬೂಲದೊಡನೆ ಎರಡು ಕಡೆಯವರಿಗೂ ಕೊಡುವ ಪತ್ರವೇ ಲಗ್ನಪತ್ರಿಕೆ. ಅದು ಎರಡು ಮನೆಗಳ ನಡುವಣ ಒಪ್ಪಂದ. ಇಂದಿಗೂ ಅನೇಕ ಮನೆತನಗಳಲ್ಲಿ ಈ ಕ್ರಮ ಉಳಿದಿದೆ. ಎರಡು ವಂಶಗಳ ಹೆಸರುಗಳು ಒಂದೇ ಹಾಳೆಯ ಮೇಲೆ ಮೊತ್ತಮೊದಲು ಜೊತೆಗೂಡುವುದು ಹೀಗೆ ಒಬ್ಬರ ಕೈಬರಹದಲ್ಲಿ.

ಉಳಿದವರನ್ನು ಕರೆಯುವುದು ಬಾಯಿಮಾತಿನ ಕೆಲಸವಾಗಿತ್ತು. ಕುಂಕುಮದ ಭರಣಿಯನ್ನೂ ಅಕ್ಷತೆಯ ಬಟ್ಟಲನ್ನೂ ಹಿಡಿದು ಮನೆಯ ಹೆಂಗಸರು ಕೇರಿಕೇರಿ ಸುತ್ತುತ್ತಿದ್ದರು; ಗಂಡಸರು ದೂರದ ಊರುಗಳಿಗೆ ಖುದ್ದಾಗಿ ಹೋಗಿ ಬರುತ್ತಿದ್ದರು. ಹೊಸ್ತಿಲು ದಾಟಿ ಒಳಬಂದು ಕರೆದರೆ ಮಾತ್ರ ಅದು ಕರೆ. ನಂಟರು ಹತ್ತು ಊರುಗಳಿಗೆ ಚದುರಿ, ಹೋಗಿ ಕರೆಯುವುದು ಅಸಾಧ್ಯವಾದಂತೆಲ್ಲ ಕಾಗದವು ಕಾಲಿನ ಕೆಲಸವನ್ನು ವಹಿಸಿಕೊಂಡಿತು. ಮೊಳೆ ಜೋಡಿಸುವ ಅಚ್ಚುಕೂಟಗಳು ಪಟ್ಟಣಗಳಲ್ಲಿ ತಲೆಯೆತ್ತಿದ ಮೇಲೆ ಆ ಕಾಗದ ಅಚ್ಚಿನ ರೂಪವನ್ನು ತಾಳಿತು. ಬೆಂಗಳೂರಿನ ಚಿಕ್ಕಪೇಟೆ, ಸುಲ್ತಾನಪೇಟೆಗಳ ಅಂಗಡಿಸಾಲಿನಲ್ಲಿ ಮಾದರಿ ಪತ್ರಿಕೆಗಳ ದಪ್ಪ ಪುಸ್ತಕವನ್ನು ಮಗುಚುತ್ತ ಕುಳಿತ ಕುಟುಂಬಗಳನ್ನು ಕಾಣದವರು ಯಾರು? ಚಿನ್ನದ ಬಣ್ಣದ ಗಣಪತಿ, ಮಖಮಲ್ಲಿನ ಹೊದಿಕೆ, ರೇಷ್ಮೆ ದಾರದ ಗೊಂಡೆ, ಎಲ್ಲವೂ ಸಿದ್ಧವಾಗಿರುತ್ತವೆ. ಹೆಸರು ಮತ್ತು ದಿನಾಂಕಗಳನ್ನು ತುಂಬಿದರಾಯಿತು.

ಎಷ್ಟು ಮಂದಿಗೆ?

ಇಂದು ಮದುವೆಯ ಸುದ್ದಿಯನ್ನು ಮುಟ್ಟಿಸಲು ಕಾಗದವೇ ಬೇಕೆಂದಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ, ಸಭಾಂಗಣಕ್ಕೆ ದಾರಿ ತೋರುವ ಒಂದು ನಕಾಶೆ. ಕ್ಷಣಾರ್ಧದಲ್ಲಿ ಐನೂರು ಮಂದಿಗೆ ಸುದ್ದಿ ತಲುಪುತ್ತದೆ. ಇದರಿಂದ ಕರೆಯೋಲೆಗೆ ಕೇಡಾಯಿತೆಂದು ಕೊರಗುವವರುಂಟು. ವಾಸ್ತವವಾಗಿ ಅದಕ್ಕೊಂದು ಬಿಡುಗಡೆ ದೊರೆತಿದೆ. ಸುದ್ದಿಯ ಭಾರವನ್ನು ಯಂತ್ರ ಹೊತ್ತುಕೊಂಡಿರುವಾಗ, ಕಾಗದವು ಯಾರನ್ನು ಕರೆಯಲೇಬೇಕೋ ಅವರನ್ನು ಮಾತ್ರ ಕರೆಯಬಹುದು.

ಕೈಕೆಲಸ ಈ ಲೆಕ್ಕವನ್ನು ತಾನಾಗಿಯೇ ಕಲಿಸುತ್ತದೆ. ಒಂದು ಪತ್ರಿಕೆಯನ್ನು ಕತ್ತರಿಸಿ, ಮಡಿಸಿ, ಬರೆದು, ಲಕೋಟೆಗೆ ಹಾಕಲು ಹತ್ತು ನಿಮಿಷ ಹಿಡಿಯಿತೆನ್ನೋಣ. ಐನೂರು ಪತ್ರಿಕೆಗಳಿಗೆ ಎಂಬತ್ತಮೂರು ಗಂಟೆಗಳಿಗೂ ಮಿಕ್ಕ ದುಡಿಮೆಯಾಗುತ್ತದೆ. ಮದುವೆಯ ಮನೆಗೆ ಅಷ್ಟು ಪುರಸತ್ತೆಲ್ಲಿ? ಎಂಬತ್ತು ಪತ್ರಿಕೆಗಳಾದರೆ ಹದಿಮೂರು ಗಂಟೆ ಇಪ್ಪತ್ತು ನಿಮಿಷ. ನಾಲ್ವರು ಕುಳಿತರೆ ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಹಾಗಾದರೆ ಆ ಎಂಬತ್ತು ಮನೆಗಳು ಯಾವುವು? ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು ಕುಳಿತಾಗಲೇ ಕುಟುಂಬಕ್ಕೆ ತನ್ನವರು ಯಾರೆಂಬುದು ತಿಳಿಯುವುದು. ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿದ ಮೇಷ್ಟ್ರು, ಹೆರಿಗೆಯ ರಾತ್ರಿ ಬಾಗಿಲು ತೆರೆದು ಕುಳಿತಿದ್ದ ಪಕ್ಕದ ಮನೆಯಾಕೆ, ತಂದೆಯ ಮೊದಲ ನೌಕರಿಯ ಗೆಳೆಯ: ಇವರ ಹೆಸರುಗಳು ಪಟ್ಟಿಯ ಮೇಲ್ಭಾಗಕ್ಕೆ ಏರಿಬರುತ್ತವೆ.

ಸಣ್ಣ ಬಳಗದ ಮದುವೆ ಕನ್ನಡ ನಾಡಿಗೆ ಅಪರಿಚಿತವೂ ಅಲ್ಲ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹ ವಿಧಿಯನ್ನು ರೂಪಿಸಿ, 1966ರಲ್ಲಿ ತಮ್ಮ ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆ ರೀತಿಯಲ್ಲಿಯೇ ನೆರವೇರಿಸಿದರು. ಆಡಂಬರವಿಲ್ಲದೆಯೂ ಮದುವೆ ಗೌರವದಿಂದ ನಡೆಯುತ್ತದೆಂಬುದಕ್ಕೆ ಅಂದಿನಿಂದ ಎಷ್ಟೋ ಮನೆಗಳು ಸಾಕ್ಷಿಯಾಗಿವೆ.

ಯಾರ ಹೆಸರಿನಲ್ಲಿ?

ಕೈಯಲ್ಲಿ ಲೇಖನಿ ಹಿಡಿದ ಕೂಡಲೇ ಎದುರಾಗುವ ನಿಜವಾದ ತೊಡಕು ಬೇರೊಂದಿದೆ. ಕರೆಯುವವರು ಯಾರು? ಅಂಗಡಿಯ ಮಾದರಿಯಲ್ಲಿ ಇದಕ್ಕೆ ಉತ್ತರ ಮೊದಲೇ ಅಚ್ಚಾಗಿರುತ್ತದೆ: ತಂದೆಯ ಹೆಸರು, ಅದರ ಪಕ್ಕದಲ್ಲಿ “ಶ್ರೀಮತಿ ಮತ್ತು ಶ್ರೀ” ಎಂಬ ಜೋಡಿ. ಆದರೆ ಎಲ್ಲ ಮನೆಗಳೂ ಆ ಮಾದರಿಯಂತೆ ಇರುವುದಿಲ್ಲ. ತಂದೆ ತೀರಿಕೊಂಡ ಮನೆಯಲ್ಲಿ, ಹೊಲಿಗೆ ಹೊಲಿದೋ ಪಾಠ ಹೇಳಿಯೋ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದ ತಾಯಿಯ ಹೆಸರನ್ನು ಬಿಟ್ಟು, ವರ್ಷಕ್ಕೊಮ್ಮೆ ಬಂದುಹೋಗುವ ದೊಡ್ಡಪ್ಪನ ಹೆಸರಿನಲ್ಲಿ ಪತ್ರಿಕೆ ಹೊರಟ ಉದಾಹರಣೆಗಳು ಒಂದೆರಡಲ್ಲ. “ಶುಭಕಾರ್ಯದಲ್ಲಿ ಆಕೆಯ ಹೆಸರೇಕೆ?” ಎಂದು ಯಾರೋ ಒಬ್ಬರು ಮೆಲ್ಲನೆ ಹೇಳುತ್ತಾರೆ, ಮಿಕ್ಕವರು ತಲೆದೂಗುತ್ತಾರೆ, ತಾಯಿ ಒಳಮನೆಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತುಕೊಳ್ಳುತ್ತಾಳೆ.

ಅಚ್ಚಿನ ಮನೆಯವನು ಕೊಟ್ಟ ಮಾತಿನ ಚೌಕಟ್ಟಿನಲ್ಲಿ ಇಂಥ ಅನ್ಯಾಯ ಸದ್ದಿಲ್ಲದೆ ನಡೆದುಹೋಗುತ್ತದೆ. ಎಂಬತ್ತು ಬಾರಿ ಕೈಯಾರೆ ಬರೆಯಬೇಕಾಗಿ ಬಂದಾಗ ಅದು ಅಷ್ಟು ಸುಲಭವಾಗದು. ಹಡೆದು ಬೆಳೆಸಿದವಳ ಹೆಸರನ್ನು ಎಂಬತ್ತು ಸಲ ಬಿಟ್ಟು ಬರೆಯುವ ಮಗನ ಕೈ ಎಲ್ಲಿಯಾದರೂ ಒಂದೆಡೆ ತಡೆದು ನಿಲ್ಲದಿರದು. ಮದುವೆಗೆ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕೆಂಬುದು ನಮ್ಮ ಕಾನೂನು. ಎಂದರೆ ಮದುವೆಯಾಗುವವರು ಪ್ರಾಪ್ತ ವಯಸ್ಕರು. ವಧೂವರರು ತಾವೇ ತಮ್ಮ ಹೆಸರಿನಲ್ಲಿ ಕರೆದರೂ ತಪ್ಪಿಲ್ಲ. ಅಜ್ಜಿಯೊಬ್ಬಳೇ ಮನೆಯ ಹಿರಿಯಳಾಗಿದ್ದರೆ ಆಕೆಯ ಹೆಸರಿನಲ್ಲಿ ಕರೆದರೆ ಅದಕ್ಕಿಂತ ಶೋಭೆ ಬೇರೊಂದಿಲ್ಲ.

ಮಾತೂ ಸರಳವಾಗಿರಲಿ. “ನಮ್ಮ ಮಗಳ ಮದುವೆ ಇಂಥ ದಿನ, ಇಂಥ ಸ್ಥಳದಲ್ಲಿ ನಡೆಯುವುದೆಂದು ಗೊತ್ತಾಗಿದೆ. ನೀವೆಲ್ಲರೂ ಹಿಂದಿನ ದಿನವೇ ಬಂದು, ನಿಂತು ನಡೆಸಿಕೊಡಬೇಕು” ಎಂಬ ಎರಡು ಸಾಲುಗಳಲ್ಲಿ ಇರುವ ಆಪ್ತತೆ ಇಪ್ಪತ್ತು ವಿಶೇಷಣಗಳ ಸಮಾಸದಲ್ಲಿ ಇಲ್ಲ. ಸೋದರತ್ತೆಗೆ ಬರೆಯುವಾಗ “ನೀನು ಬಾರದೆ ಆರತಿ ಎತ್ತುವವರು ಯಾರು?” ಎಂದು ಒಂದು ಸಾಲು ಸೇರಿಸಿದರಂತೂ ಯಾವ ಚಿನ್ನದ ಅಚ್ಚೂ ಅದಕ್ಕೆ ಸಾಟಿಯಾಗದು.

ಕಾಗದ, ಮಡಿಕೆ, ಮಸಿ

ಇನ್ನು ತಯಾರಿಕೆಯ ಮಾತು. ಕಾಗದವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕದಿಂದ ಗುರುತಿಸುತ್ತಾರೆ. ಕರೆಯೋಲೆಗೆ 160ರಿಂದ 200 ಗ್ರಾಮಿನ ಕಾಗದ ಹದವಾದುದು. ಅದಕ್ಕಿಂತ ತೆಳುವಾದರೆ ಬಳುಕುತ್ತದೆ, ದಪ್ಪವಾದರೆ ಮಡಿಕೆಯಲ್ಲಿ ಬಿರಿಯುತ್ತದೆ. 210 × 297 ಮಿಲಿಮೀಟರಿನ ಎ4 ಹಾಳೆಯನ್ನು ಅಡ್ಡಲಾಗಿ ಎರಡು ತುಂಡು ಮಾಡಿ, ಒಂದೊಂದನ್ನೂ ನಡುವೆ ಮಡಿಸಿದರೆ 105 × 148 ಮಿಲಿಮೀಟರಿನ ಎರಡು ಪತ್ರಿಕೆಗಳಾಗುತ್ತವೆ. 114 × 162 ಅಳತೆಯ ಸಿ6 ಲಕೋಟೆ ಅದಕ್ಕೆ ಹೇಳಿ ಮಾಡಿಸಿದಂತೆ ಒಪ್ಪುತ್ತದೆ. ನಲವತ್ತು ಹಾಳೆಗಳಿಂದ ಎಂಬತ್ತು ಪತ್ರಿಕೆಗಳು. ಕೈತಪ್ಪಿಗೆಂದು ಹತ್ತು ಹಾಳೆ ಹೆಚ್ಚು ತಂದಿಟ್ಟುಕೊಳ್ಳುವುದು ಲೇಸು.

ಯಂತ್ರದಲ್ಲಿ ತಯಾರಾದ ಕಾಗದಕ್ಕೆ ಮರದಂತೆಯೇ ಎಳೆಯ ದಿಕ್ಕುಂಟು. ಹಾಳೆಯನ್ನು ಎರಡೂ ಬಗೆಯಲ್ಲಿ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ; ಮಡಿಕೆ ಆ ದಿಕ್ಕಿನಲ್ಲಿ ಬಂದರೆ ಅಂಚು ನುಣುಪಾಗಿರುತ್ತದೆ. ಮಡಿಸುವುದಕ್ಕೆ ಮುನ್ನ ಅಡಿಕೋಲನ್ನಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದಲೋ ಸ್ವೆಟರ್ ಹೆಣೆಯುವ ಕಡ್ಡಿಯಿಂದಲೋ ಗೀರು ಹಾಕಿಕೊಳ್ಳಬೇಕು.

ಹತ್ತಿ ಬಟ್ಟೆಯ ಚೂರುಗಳನ್ನು ಅರೆದು ಮಾಡಿದ ಕೈಕಾಗದ ಇನ್ನೂ ಸೊಗಸು. 1934ರಲ್ಲಿ ಗಾಂಧೀಜಿಯವರು ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಈ ಕಸುಬಿಗೆ ಮತ್ತೆ ಜೀವ ತುಂಬಿತು. ಪುದುಚೇರಿಯ ಅರವಿಂದಾಶ್ರಮದ ಕೈಕಾಗದದ ಕಾರ್ಯಾಗಾರ 1959ರಲ್ಲಿ ಆರಂಭವಾಯಿತು. ಇಂಥ ಕಾಗದಕ್ಕೆ ಅಂಟಿನ ಲೇಪ ಸಾಲದಿದ್ದರೆ ಮಸಿ ಹರಡುತ್ತದೆ. ಮೂಲೆಯಲ್ಲೊಂದು ಗೆರೆ ಎಳೆದು ನೋಡಿಯೇ ಕೊಳ್ಳಬೇಕು.

ಮಸಿ ನೀರಿಗೆ ಕರಗದಂಥದಾಗಿರಲಿ. ಕಡೆಯಲ್ಲಿ ಮೂಲೆಗಳಿಗೆ ಅರಿಶಿನ ಹಚ್ಚುವಾಗ ಒದ್ದೆ ಬೆರಳು ತಗಲಿ ಅಕ್ಷರ ಕದಡಿದರೆ ಶ್ರಮವೆಲ್ಲ ವ್ಯರ್ಥ. ಅರಿಶಿನಕ್ಕೆ ಸುಣ್ಣದ ಅಂಶ ಸೋಂಕಿದರೆ ಅದು ಕೆಂಪಾಗುತ್ತದೆ. ಮನೆಯಲ್ಲಿ ಕುಂಕುಮ ಮಾಡುವ ಗುಟ್ಟೂ ಅದೇ. ಆದುದರಿಂದ ಆರಿಸಿದ ಕಾಗದದ ಚೂರಿನ ಮೇಲೆ ಒಮ್ಮೆ ಹಚ್ಚಿ ಪರೀಕ್ಷಿಸುವುದು ಜಾಣತನ.

ಎಲ್ಲವನ್ನೂ ಕೈಯಲ್ಲೇ ಬರೆಯಲು ವ್ಯವಧಾನವಿಲ್ಲದವರಿಗೆ ನಡುಮಾರ್ಗವೊಂದುಂಟು. 1843ರ ಜುಲೈ 1ರಂದು ಹೊರಬಂದ ಕನ್ನಡದ ಮೊದಲ ಪತ್ರಿಕೆ, ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಮುದ್ರಣವಾದದ್ದು ಕಲ್ಲಚ್ಚಿನಲ್ಲಿ. ಬರಹವನ್ನು ಜಿಡ್ಡಿನ ಮಸಿಯಿಂದ ಕಲ್ಲಿಗಿಳಿಸಿ ಪ್ರತಿ ತೆಗೆಯುವ ಕಲೆ ಅದು. ಅಚ್ಚಿಗೂ ಕೈಬರಹಕ್ಕೂ ಹಗೆತನವೇನಿಲ್ಲವೆಂಬುದನ್ನು ಆ ವಿಧಾನವೇ ತೋರಿಸಿಕೊಟ್ಟಿತು. ಮನೆಯಲ್ಲಿ ದುಂಡಗೆ ಬರೆಯಬಲ್ಲವರು ಒಂದು ಶುದ್ಧ ಪ್ರತಿಯನ್ನು ಬರೆದುಕೊಟ್ಟರೆ, ಅದರಿಂದ ಜೆರಾಕ್ಸ್ ಪ್ರತಿಗಳನ್ನು ತೆಗೆದು, ಕರೆಯಬೇಕಾದವರ ಹೆಸರನ್ನೂ ಕಡೆಯ ಒಂದು ಸಾಲನ್ನೂ ಮಾತ್ರ ಕೈಯಿಂದ ತುಂಬಬಹುದು.

ಗೋಡೆಯ ಚಿತ್ತಾರ ಹಾಳೆಗೆ

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರದ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆಂದು ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ, ಪುಂಡಿಯ ನಾರಿನ ಕುಂಚವನ್ನು ಅಕ್ಕಿಯ ಹಿಟ್ಟಿನಲ್ಲಿ ಅದ್ದಿ, ಹಸೆ ಚಿತ್ತಾರವನ್ನು ಬರೆಯುವ ಸಂಪ್ರದಾಯವುಂಟು. ಗೆರೆಯ ಪಕ್ಕದಲ್ಲಿ ಗೆರೆ ಸೇರಿ ಹೆಣಿಗೆಯಂತೆ ಬೆಳೆಯುವ ಆ ಚಿತ್ತಾರಗಳಲ್ಲಿ ಎಷ್ಟು ತಾಳ್ಮೆ, ಎಷ್ಟು ಲೆಕ್ಕ! ಮದುವೆಗೂ ಕೈಬರಹಕ್ಕೂ ಇರುವ ನಂಟಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಅಂಥ ಚಿತ್ತಾರ ಬಾರದವರ ಮನೆಯಲ್ಲಿಯೂ ಬೆಳಗಿನ ರಂಗವಲ್ಲಿ ಬಲ್ಲವರು ಇದ್ದೇ ಇರುತ್ತಾರೆ. ಚುಕ್ಕಿಯಿಟ್ಟು ಎಳೆದ ಒಂದು ಸಣ್ಣ ಎಳೆರಂಗೋಲಿ ಪತ್ರಿಕೆಯ ಮುಖಕ್ಕೆ ಸಾಕಷ್ಟು ಅಲಂಕಾರ.

ಅಂದ ಎಷ್ಟೇ ಇರಲಿ, ವಿಷಯದಲ್ಲಿ ತಪ್ಪು ನುಸುಳಬಾರದು. ಮದುವೆಯ ನೋಂದಣಿಗೆ ಅರ್ಜಿ ಸಲ್ಲಿಸುವಾಗ ಆಹ್ವಾನ ಪತ್ರಿಕೆಯನ್ನೂ ಲಗತ್ತಿಸುವ ರೂಢಿಯಿರುವುದರಿಂದ ವಧೂವರರ ಪೂರ್ಣ ಹೆಸರು, ದಿನಾಂಕ, ಸ್ಥಳಗಳು ದಾಖಲೆಯಲ್ಲಿರುವಂತೆಯೇ ಇರಬೇಕು. ದಿನಾಂಕಕ್ಕೆ ವಾರ ಹೊಂದುತ್ತದೆಯೇ ಎಂದು ಪಂಚಾಂಗವನ್ನು ಎದುರಿಟ್ಟುಕೊಂಡು ನೋಡಬೇಕು. ಬರೆದವರು ಬಿಟ್ಟು ಬೇರೊಬ್ಬರು ಕರಡನ್ನು ಗಟ್ಟಿಯಾಗಿ ಓದಬೇಕು. ಬರೆದವರ ಕಣ್ಣು ತಾನು ಬರೆಯಬೇಕೆಂದದ್ದನ್ನು ಓದುತ್ತದೆಯೇ ಹೊರತು ಬರೆದದ್ದನ್ನಲ್ಲ. ಅಂಚೆಗೆ ಹಾಕುವ ಲಕೋಟೆಯ ಮೇಲೆ ಆರಂಕಿಯ ಪಿನ್‌ಕೋಡನ್ನು ಮರೆಯಬಾರದು.

ಮೊದಲ ಪತ್ರಿಕೆ ಕುಲದೇವರ ಮುಂದೆ. ಅನಂತರದವು ಬಂಧುಮಿತ್ರರ ಮನೆಗಳಿಗೆ. ಒಂದನ್ನು ಮಾತ್ರ ಯಾರಿಗೂ ಕೊಡದೆ, ಬೆಳಕು ತಾಗದಂತೆ ಬಟ್ಟೆಯಲ್ಲಿ ಸುತ್ತಿ, ಮದುಮಗಳ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡಬೇಕು. ಬಿಸಿಲಿಗೆ ಅರಿಶಿನ ಮಾಸುತ್ತದೆ; ಮಡಿಸಿಟ್ಟ ಕಾಗದದಲ್ಲಿ ಬಹುಕಾಲ ನಿಲ್ಲುತ್ತದೆ. ಎಷ್ಟೋ ವರ್ಷಗಳ ತರುವಾಯ ಆ ಪೆಟ್ಟಿಗೆಯನ್ನು ತೆರೆದ ಮೊಮ್ಮಗುವೊಂದು ವಿಳಾಸದ ಅಕ್ಷರಗಳ ಮೇಲೆ ಬೆರಳಾಡಿಸುತ್ತ “ಇದು ಯಾರ ಬರಹ?” ಎಂದು ಕೇಳಿದಾಗ, ಹೇಳುವುದಕ್ಕೆ ಒಂದು ಹೆಸರಿರುತ್ತದೆ.