ಮತ್ತೆ ಪುಸ್ತಕ ಹಿಡಿದಿರಾ, ಸಿಸ್ಟರ್?

"ಅಕ್ಕಾ, ನಾನು ಕಮತಗಿಯಾಕಿ. ಅಪ್ಪ-ಅವ್ವ ಮಗ್ಗದ ಮ್ಯಾಲೆ ಇಳಕಲ್ ಸೀರಿ ನೇಯ್ದು ನನಗ ಬಾಗಲಕೋಟಿಯೊಳಗ ಜಿಎನ್‌ಎಂ ಓದಿಸಿದ್ರು. ಎರಡು ವರ್ಷ ಕೆಲಸ ಮಾಡಿದೆ. ಮದುವಿಯಾಗಿ ಬೆಂಗಳೂರಿಗೆ ಬಂದ ಮ್ಯಾಲೆ ಬಿಟ್ಟುಬಿಟ್ಟೆ. ಈಗ ಸಣ್ಣಾಕಿನೂ ಸಾಲಿಗೆ ಹೊಂಟಾಳ. ಹೊರದೇಶದ ನರ್ಸಿಂಗ್ ಪರೀಕ್ಷಾ ಬರೀಬೇಕಂತ ದಪ್ಪ ಪುಸ್ತಕ ತಗೊಂಡೀನಿ. ಆದ್ರ ಓದಾಕ ಕುಂತ್ರ ತಲಿಗೆ ಹತ್ತವಲ್ದು. ಒಂದು ಪಾಠ ಮುಗಿಸಿ ಮುಂದಿನದಕ್ಕ ಹೋಗೂದ್ರೊಳಗ ಹಿಂದಿಂದು ಮರ್ತಿರ್ತೈತಿ. ನನ್ನಿಂದ ಆಗತೈತೇನ್ರಿ?"

ಹೆಸರು ಹಾಕಬೇಡಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದಾರೆ, ಹಾಕಿಲ್ಲ. ಆದರೆ ಉತ್ತರವನ್ನು ಅವರೊಬ್ಬರಿಗೇ ಕಳಿಸುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಜನರ ಬೀರುವಿನಲ್ಲಿ ಸೀರೆಗಳ ಕೆಳಗೆ ನರ್ಸಿಂಗ್ ಸರ್ಟಿಫಿಕೇಟು ಮಲಗಿದೆ ಅಂತ ನನಗೆ ಗೊತ್ತು. ನಾನೂ ವಾರ್ಡಿನಲ್ಲಿ ಓಡಾಡಿ, ಆಮೇಲೆ ಹುಡುಗಿಯರಿಗೆ ಪಾಠ ಹೇಳಿ ಬಂದವಳೇ.

ಆಗತೈತಿ, ತಂಗಿ. ಆದರೆ ಈಗ ನೀವು ಓದುತ್ತಿರುವ ರೀತಿಯಲ್ಲಿ ಆಗುವುದಿಲ್ಲ.

'ವಿವರಿಸಿ' ಎಂಬ ಪ್ರಶ್ನೆ ಅಲ್ಲಿಲ್ಲ

ನಮ್ಮಲ್ಲಿ ಕೋರ್ಸು ಪಾಸಾಗಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದರೆ ನೀವು ನರ್ಸ್. ಲೈಸೆನ್ಸಿಗೆಂದೇ ಬೇರೆ ಪರೀಕ್ಷೆ ಬರೆದವರಲ್ಲ ನಾವು. ನಾವು ಬರೆದದ್ದೆಲ್ಲ "ನ್ಯುಮೋನಿಯಾ ಎಂದರೇನು? ಕಾರಣ, ಲಕ್ಷಣ, ಶುಶ್ರೂಷೆ ವಿವರಿಸಿ" ಎಂಬ ಜಾತಿಯ ಪ್ರಶ್ನೆಗಳನ್ನು. ಸ್ಕೇಲ್ ಇಟ್ಟು ಅಡಿಗೆರೆ ಎಳೆದು, ಶ್ವಾಸಕೋಶದ ಚಿತ್ರ ಬರೆದು, ಹತ್ತಕ್ಕೆ ಎಂಟು ತೆಗೆದುಕೊಂಡಿದ್ದೇವೆ. ಬಾಯಿಪಾಠ ಚೆನ್ನಾಗಿದ್ದವಳು ಕ್ಲಾಸಿಗೆ ಫಸ್ಟು!

ಅಮೆರಿಕದ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಹಾಗಲ್ಲ. ಅದನ್ನು ಬೆಂಗಳೂರಿನಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಬರೆಯಬಹುದು. ಕಡಿಮೆ ಎಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಐದು ಗಂಟೆ ಸಮಯ. ನೀವು ಸರಿ ಉತ್ತರ ಕೊಟ್ಟರೆ ಮುಂದಿನದು ಇನ್ನೂ ಕಷ್ಟದ್ದು ಬರುತ್ತದೆ, ತಪ್ಪಿದರೆ ಸ್ವಲ್ಪ ಸುಲಭದ್ದು. ಹಾಗಾಗಿ ಪ್ರಶ್ನೆ ಕಠಿಣವಾಗುತ್ತಾ ಹೋದರೆ ಅಳಬೇಡಿ, ಅದು ಒಳ್ಳೆಯ ಲಕ್ಷಣ. 2023ರ ಏಪ್ರಿಲ್‌ನಿಂದ ಅದರಲ್ಲಿ ಒಬ್ಬನೇ ರೋಗಿಯ ಕಥೆಯನ್ನು ಹಂತ ಹಂತವಾಗಿ ಕೊಟ್ಟು, ಏನನ್ನು ಗಮನಿಸಿದಿರಿ, ಅದರ ಅರ್ಥ ಏನು, ಯಾವುದು ತುರ್ತು, ಏನು ಮಾಡುತ್ತೀರಿ, ಮಾಡಿದ್ದು ಫಲಿಸಿತೇ ಎಂದು ಕೇಳುವ ಪ್ರಶ್ನೆಗಳೂ ಸೇರಿವೆ. ಇಂಗ್ಲೆಂಡಿನದು ಬೇರೆ: ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಲೆಕ್ಕದ ಭಾಗವೇ ಪ್ರತ್ಯೇಕ. ಆಮೇಲೆ ಅಲ್ಲಿಗೇ ಹೋಗಿ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ದುಬೈ, ಸೌದಿಗೆ ಹೋಗುವವರು ಬರೆಯುವುದನ್ನು ನಮ್ಮ ಹುಡುಗಿಯರು 'ಪ್ರೊಮೆಟ್ರಿಕ್' ಅಂತಲೇ ಕರೆಯುತ್ತಾರೆ.

ಈ ಎಲ್ಲದರಲ್ಲೂ ಒಂದು ಸಂಗತಿ ಸಮಾನ. ಎಷ್ಟೋ ಪ್ರಶ್ನೆಗಳಲ್ಲಿ ಕೊಟ್ಟ ನಾಲ್ಕು ಉತ್ತರವೂ ಸರಿಯಾಗಿಯೇ ಇರುತ್ತವೆ. "ಇವುಗಳಲ್ಲಿ ಮೊದಲು ಯಾವುದು?" ಎಂಬುದೇ ಪ್ರಶ್ನೆ. ಬಾಯಿಪಾಠದವಳು ಸೋಲುವುದು ಇಲ್ಲಿಯೇ.

ಕೂಗುವವರಿಗಿಂತ ಮೊದಲು...

ಒಂದು ಉದಾಹರಣೆ ನೋಡಿ. ನಿಮಗೆ ನಾಲ್ಕು ರೋಗಿಗಳಿದ್ದಾರೆ. ಒಬ್ಬರಿಗೆ ನಿನ್ನೆ ಆಪರೇಷನ್ ಆಗಿದೆ, ನೋವು ಎಂದು ಕೂಗುತ್ತಿದ್ದಾರೆ. ಇನ್ನೊಬ್ಬರಿಗೆ ಸಕ್ಕರೆ 210, ಊಟದ ಮುಂಚಿನ ಇನ್ಸುಲಿನ್ ಕೊಡಬೇಕು. ಮೂರನೆಯವರು ಡಿಸ್ಚಾರ್ಜ್ ಕಾಗದ ಕೊಡಿ ಎಂದು ಮೂರು ಸಲ ಬಂದು ಹೋದರು. ನಾಲ್ಕನೆಯವರು ಆಸ್ತಮಾ ರೋಗಿ. ಬೆಳಿಗ್ಗೆಯಿಂದ ಎದೆಯಲ್ಲಿ ಸುಯ್ ಸುಯ್ ಸದ್ದಿತ್ತು, ಈಗ ನಿಂತಿದೆ, ಮಂಪರಿನಲ್ಲಿದ್ದಾರೆ. ಯಾರ ಹತ್ತಿರ ಮೊದಲು ಓಡುತ್ತೀರಿ?

ಸದ್ದು ನಿಂತಿತು ಅಂದರೆ ಗುಣವಾಯಿತು ಅಂದುಕೊಂಡಿರಾ? ಗುಣವಾದವರು ಮಂಪರಿನಲ್ಲಿ ಇರುವುದಿಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಅಂತ ಅರ್ಥ. ನಾನು ವಿದ್ಯಾರ್ಥಿನಿಯಾಗಿದ್ದಾಗ ಇದೇ ತಪ್ಪು ಮಾಡಿದ್ದೆ. ಕೂಗುತ್ತಿದ್ದವರ ಹತ್ತಿರ ಹೋಗಿ ನಿಂತಿದ್ದೆ. ಹಿರಿಯ ಸಿಸ್ಟರ್ ನನ್ನನ್ನು ದಾಟಿಕೊಂಡು ಮೂಲೆಯ ಹಾಸಿಗೆಗೆ ಓಡಿದರು. ಆ ಅಜ್ಜ ಬದುಕಿದರು, ನನಗೆ ಬೈಗುಳ ಸಿಕ್ಕಿತು.

ಶ್ವಾಸನಾಳ, ಉಸಿರಾಟ, ರಕ್ತಸಂಚಾರ. ಈ ಮೂರರ ಕ್ರಮವನ್ನು ಕಾಲೇಜಿನಲ್ಲಿ 'ಎಬಿಸಿ' ಅಂತ ಕಲಿತಿದ್ದೀರಿ. ಅದನ್ನು ಒಂದು ಪಾಠವಾಗಿ ಓದಬೇಡಿ, ಪ್ರತಿ ಪ್ರಶ್ನೆಯ ಮೇಲೂ ಕನ್ನಡಕದ ಹಾಗೆ ಇಟ್ಟು ನೋಡಿ. ಮಕ್ಕಳನ್ನು ಸಾಕಿದ ನಿಮಗೆ ಇದನ್ನು ಹೇಳಿಕೊಡಬೇಕೇ? ಬಿದ್ದು ಜೋರಾಗಿ ಅಳುವ ಮಗುವಿಗಿಂತ ಬಿದ್ದು ಸುಮ್ಮನಾದ ಮಗುವನ್ನು ಕಂಡರೆ ಎದೆ ಝಲ್ ಎನ್ನುವುದಿಲ್ಲವೇ?

ಒಂದು ಪೊಟ್ಯಾಸಿಯಂ, ಹತ್ತು ಪಾಠ

ಈಗ ಪತ್ರದ ಮುಖ್ಯ ದೂರಿಗೆ ಬರೋಣ. ಹಿಂದಿನದು ಮರೆತುಹೋಗುತ್ತದೆ ಅಂತ. ಮರೆಯುವುದೇ. ಹೃದಯದ ಪಾಠ ಬೇರೆ, ಮೂತ್ರಪಿಂಡದ ಪಾಠ ಬೇರೆ, ಸಕ್ಕರೆ ಕಾಯಿಲೆಯ ಪಾಠ ಬೇರೆ ಎಂದು ಓದಿದರೆ ಯಾರಿಗೂ ಮರೆಯುತ್ತದೆ. ಪಾಠ ಬಿಟ್ಟು ಒಂದು ವಿಷಯ ಹಿಡಿಯಿರಿ. ಉದಾಹರಣೆಗೆ ಪೊಟ್ಯಾಸಿಯಂ.

ರಕ್ತದಲ್ಲಿ ಅದು ಇರಬೇಕಾದದ್ದು 3.5ರಿಂದ 5ರ ಒಳಗೆ. ಕಡಿಮೆಯಾದರೂ ಹೆಚ್ಚಾದರೂ ಹೃದಯದ ಬಡಿತ ತಾಳ ತಪ್ಪುತ್ತದೆ. ಇಷ್ಟು ಬುಡ. ಈಗ ಕೊಂಬೆಗಳನ್ನು ನೋಡಿ. ಮೈ ಊತಕ್ಕೆ ಕೊಡುವ ಲ್ಯಾಸಿಕ್ಸ್ ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತದೆ. ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ಮಾತ್ರೆ ಬೇಗ ವಿಷವಾಗುತ್ತದೆ. ಹಾಗಾಗಿ ಎರಡೂ ಔಷಧ ತೆಗೆದುಕೊಳ್ಳುವವರು ವಾಂತಿ, ಕಣ್ಣಿಗೆ ಹಳದಿ ಹಳದಿ ಕಾಣುತ್ತದೆ ಎಂದರೆ ಕಿವಿ ನಿಮಿರಬೇಕು. ಡಿಗಾಕ್ಸಿನ್ ಕೊಡುವ ಮುಂಚೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುವುದು, ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆಹಿಡಿದು ತಿಳಿಸುವುದು ಏಕೆ ಅಂತ ಈಗ ಹೊಳೆಯಿತೇ? ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದ ಒಳಗೆ ತಳ್ಳುತ್ತದೆ. ಆದ್ದರಿಂದ ಸಕ್ಕರೆ ವಿಪರೀತ ಏರಿ ಬಂದವರಿಗೆ ಇನ್ಸುಲಿನ್ ಡ್ರಿಪ್ ಹಾಕಿದಾಗ ಸಕ್ಕರೆಯ ಜೊತೆ ಇದನ್ನೂ ಕಾಯಬೇಕು. ಮೂತ್ರಪಿಂಡ ಕೆಲಸ ಬಿಟ್ಟರೆ ಅದು ಹೊರಗೆ ಹೋಗದೆ ಏರುತ್ತದೆ. ಹಾಗಾಗಿ ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಸೇರಿಸುವ ಮುಂಚೆ ಮೂತ್ರ ಹೋಗುತ್ತಿದೆಯೇ ಎಂದು ನೋಡುವುದು. ಅದನ್ನು ಸಿರಿಂಜಿನಿಂದ ನೇರ ನರಕ್ಕೆ ಎಂದೂ, ಎಂದೆಂದೂ ಚುಚ್ಚಬಾರದು. ಹೃದಯ ನಿಂತುಹೋಗುತ್ತದೆ.

ಇನ್ನು ನಿಮ್ಮ ಅಡುಗೆಮನೆಗೇ ಬನ್ನಿ. ಕಿಡ್ನಿ ತೊಂದರೆ ಇರುವ ಮಾವನವರಿಗೆ ಎಳನೀರು, ಬಾಳೆಹಣ್ಣು ಬೇಡ ಎಂದು ಡಾಕ್ಟರು ಹೇಳಿದ್ದು, ತರಕಾರಿ ಹೆಚ್ಚಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಎಂದಿದ್ದು ಇದೇ ಪೊಟ್ಯಾಸಿಯಂ ಇಳಿಸಲು. ಬಿಪಿಗೆ ಒಳ್ಳೆಯದು ಎಂದು ಅಂಗಡಿಯಿಂದ ತರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂ ಬದಲು ಸೇರಿಸುವುದೂ ಇದನ್ನೇ. ಹಾಗಾಗಿ ಅಂಥವರಿಗೆ ಆ ಉಪ್ಪು ಅಪಾಯ. ನೋಡಿ, ಹೃದಯ, ಕಿಡ್ನಿ, ಸಕ್ಕರೆ, ಔಷಧ, ಪಥ್ಯ... ಐದು ಅಧ್ಯಾಯ ಒಂದೇ ದಾರದಲ್ಲಿ ಬಂತು.

ಕಮತಗಿಯ ತಂಗಿಗೆ ಇದನ್ನು ಬೇರೆ ರೀತಿಯಲ್ಲೂ ಹೇಳಬಹುದು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಿದ ಮೇಲೆ ತಾನೇ ಸೆರಗು? ನೀವು ಎಳೆ ಎಲ್ಲ ಗುಡ್ಡೆ ಹಾಕಿಟ್ಟಿದ್ದೀರಿ, ಕೊಂಡಿ ಹಾಕಿಲ್ಲ, ಅಷ್ಟೇ.

ಹೀಗೆ ಹಿಡಿದು ಓದಬೇಕಾದ ವಿಷಯಗಳು ನೂರಾರಿಲ್ಲ. ಆಮ್ಲ-ಕ್ಷಾರ ಎಂದರೆ ಎಲ್ಲರೂ ಹೆದರುತ್ತಾರೆ. ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೋಗುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ. ಭೇದಿಯಲ್ಲಿ ಬೈಕಾರ್ಬೊನೇಟ್ ಹೋಗುತ್ತದೆ, ಆಮ್ಲದ ಕಡೆ ವಾಲುತ್ತದೆ. ಇಷ್ಟು ಅರ್ಥವಾದರೆ 7.35ರಿಂದ 7.45 ಎಂಬ ಸಂಖ್ಯೆ ತಾನಾಗಿ ಕೂರುತ್ತದೆ. ಹೃದಯದ ಎಡಭಾಗ ಸೋತರೆ ನೀರು ಶ್ವಾಸಕೋಶಕ್ಕೆ, ಬಲಭಾಗ ಸೋತರೆ ಕಾಲಿಗೆ. ಸೋಂಕಿನ ವಿಷಯದಲ್ಲಿ ಕ್ಷಯ, ದಡಾರ, ಸೀತಾಳೆ ಸಿಡುಬು ಗಾಳಿಯಲ್ಲಿ ಹರಡುತ್ತವೆ, ಅವಕ್ಕೆ ಬೇರೆ ಕೋಣೆ, ಎನ್95 ಮಾಸ್ಕು.

ಫೋನ್ ಮಾಡುವ ಮೊದಲು ಕೈ ಏನು ಮಾಡಬೇಕು?

ನಮ್ಮ ಹುಡುಗಿಯರು ಜಾರಿ ಬೀಳುವ ಇನ್ನೊಂದು ಜಾಗ ಇದು. ನಾಲ್ಕರಲ್ಲಿ ಒಂದು ಉತ್ತರ 'ಡಾಕ್ಟರಿಗೆ ತಿಳಿಸುವುದು' ಎಂದಿದ್ದರೆ ಕಣ್ಣು ಮುಚ್ಚಿ ಅದನ್ನೇ ಒತ್ತುತ್ತಾರೆ. ನಮ್ಮ ವಾರ್ಡುಗಳ ಅಭ್ಯಾಸ ಹಾಗಿದೆ, ಅವರನ್ನೇನು ಬೈಯುವುದು? ಆದರೆ ರಕ್ತ ಏರಿಸುತ್ತಿರುವಾಗ ಚಳಿ, ಜ್ವರ, ಸೊಂಟನೋವು ಶುರುವಾದರೆ ಮೊದಲು ರಕ್ತ ನಿಲ್ಲಿಸಬೇಕು. ಆಮೇಲೆ ಹೊಸ ನಳಿಗೆಯಲ್ಲಿ ನಾರ್ಮಲ್ ಸಲೈನ್. ಫೋನು ಅದಾದ ಮೇಲೆ. ಡ್ರಿಪ್ ಹಾಕಿದ ಕೈ ಊದಿ ತಣ್ಣಗಾಗಿದ್ದರೂ ಹಾಗೆಯೇ, ಮೊದಲು ಡ್ರಿಪ್ ನಿಲ್ಲಿಸಿ.

ಹಾಗೆಂದು ಎಲ್ಲ ಕಡೆ ಕೈಯೇ ಮುಂದಾಗಬಾರದು. ಪ್ರಶ್ನೆಯಲ್ಲಿ ರೋಗಿಯ ಸ್ಥಿತಿ ಪೂರ್ತಿ ಹೇಳದಿದ್ದರೆ ಮೊದಲು ನೋಡಿ, ಪರೀಕ್ಷಿಸಿ. ಪೂರ್ತಿ ಹೇಳಿದ್ದರೆ ಕೆಲಸ ಮಾಡಿ.

ಸಹಾಯಕಿಗೆ ಯಾವ ಕೆಲಸ ಒಪ್ಪಿಸಬಹುದು ಎಂಬ ಪ್ರಶ್ನೆಗಳೂ ಅಮೆರಿಕದ ಪರೀಕ್ಷೆಯಲ್ಲಿ ಬರುತ್ತವೆ. ನಮಗೆ ಅದು ಹೊಸದು. ಸ್ಥಿತಿ ಸ್ಥಿರವಾಗಿರುವ ರೋಗಿಗೆ ಸ್ನಾನ ಮಾಡಿಸುವುದು, ನಡೆಸುವುದು ಒಪ್ಪಿಸಬಹುದು. ಪರೀಕ್ಷಿಸುವುದು, ತಿಳಿಹೇಳುವುದು, ಗುಣವಾಯಿತೇ ಎಂದು ತೀರ್ಮಾನಿಸುವುದು ನಿಮ್ಮದೇ. ಕೆಲಸದವಳಿಗೆ ತರಕಾರಿ ಹೆಚ್ಚಲು ಕೊಡುತ್ತೀರಿ, ಸಾರಿನ ಉಪ್ಪು ನೋಡುವುದು ಮಾತ್ರ ನೀವೇ ಅಲ್ಲವೇ!

ಲೆಕ್ಕಕ್ಕೆ ಹೆದರುವವರಿಗೆ ಒಂದೇ ಮಾತು: ದಿನಕ್ಕೆ ಎರಡು ಮಾಡಿ. 500 ಮಿಲಿ ಸಲೈನು 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿಲಿಗೆ 20 ಹನಿ. 500 ಅನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಹಾಲಿನವನ ತಿಂಗಳ ಲೆಕ್ಕಕ್ಕಿಂತ ಕಷ್ಟವೇನಲ್ಲ.

ದಿನಕ್ಕೆ ಇಪ್ಪತ್ತೈದು ಸಾಕು

ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದ ಮೇಲಿನ ಒಂದೂವರೆ ಗಂಟೆ ನಿಮ್ಮದು ಎಂದು ಮನೆಯಲ್ಲಿ ಹೇಳಿಬಿಡಿ. ಪಾತ್ರೆ ಕಾಯಲಿ. ಇಪ್ಪತ್ತೈದು ಪ್ರಶ್ನೆ ಮಾಡಿ, ಆಮೇಲೆ ಅಷ್ಟೇ ಹೊತ್ತು ಉತ್ತರದ ವಿವರಣೆ ಓದಿ. ದಿನಕ್ಕೆ ಇನ್ನೂರು ಪ್ರಶ್ನೆ ಮಾಡಿದೆ ಅಂತ ಗೆಳತಿ ಹೇಳಿದರೆ ಹೇಳಲಿ ಬಿಡಿ. ತಪ್ಪಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಗೊತ್ತಿರಲಿಲ್ಲವೇ, ಗೊತ್ತಿದ್ದೂ ಪ್ರಶ್ನೆ ತಪ್ಪಾಗಿ ಓದಿದೆನೇ, ಎರಡರ ನಡುವೆ ಗೊಂದಲವಾಯಿತೇ? ಹದಿನೈದು ದಿನದಲ್ಲಿ ನಿಮ್ಮ ಕಾಯಿಲೆ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಎರಡನೆಯದು ಹೆಚ್ಚು. ಅವರು ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, 'ಮೊದಲು', 'ಹೊರತು', 'ತಕ್ಷಣ' ಎಂಬ ಅರ್ಥದ ಇಂಗ್ಲಿಷ್ ಪದಗಳ ಮೇಲೆ ಬೆರಳಿಡಲಿ.

ಇನ್ನೊಂದು ಉಪಾಯ. ಸಂಜೆ ಅವ್ವನಿಗೆ ಫೋನ್ ಮಾಡಿದಾಗ ಅವತ್ತು ಓದಿದ ಒಂದು ವಿಷಯವನ್ನು ಕಮತಗಿ ಮಾತಿನಲ್ಲೇ ಹೇಳಿ. ಭೇದಿಯಾದ ಕೂಸಿಗೆ ಉಪ್ಪಿನ ನೀರಿಗೆ ಸಕ್ಕರೆ ಯಾಕೆ ಹಾಕಬೇಕು? ಕರುಳಿನಲ್ಲಿ ಸಕ್ಕರೆ ಉಪ್ಪನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಅವ್ವ "ಹೌದಾ?" ಅಂದರೆ ನಿಮಗೆ ಅರ್ಥವಾಗಿದೆ. "ಏನಂದಿ?" ಅಂದರೆ ಮತ್ತೆ ಓದಿ.

ದುಡ್ಡು ಕಟ್ಟುವ ಮೊದಲು

ತಂಗಿ, ಪತ್ರದಲ್ಲಿ ನೀವು ಕೇಳದ ಒಂದನ್ನು ಹೇಳಲೇಬೇಕು. ಕೆಲಸ ಬಿಟ್ಟು ವರ್ಷಗಳಾಗಿವೆ. ಅನುಭವ ಎಷ್ಟಿರಬೇಕು, ಎಷ್ಟು ವರ್ಷ ಬಿಡುವಿದ್ದರೆ ನಡೆಯುತ್ತದೆ ಎಂಬ ನಿಯಮ ದೇಶದಿಂದ ದೇಶಕ್ಕೆ, ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೋಚಿಂಗಿಗೆ ದುಡ್ಡು ಕಟ್ಟುವ ಮುನ್ನ ಅದನ್ನು ಆಯಾ ನರ್ಸಿಂಗ್ ಮಂಡಳಿಯಿಂದಲೇ ತಿಳಿದುಕೊಳ್ಳಿ, ಏಜೆಂಟನ ಮಾತಿನಿಂದಲ್ಲ. ಇಲ್ಲಿನ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. ಎನ್‌ಕ್ಲೆಕ್ಸ್ ಪರೀಕ್ಷೆಗೇ 200 ಡಾಲರ್, ಭಾರತದಲ್ಲಿ ಬರೆಯಲು ಮೇಲೆ 150 ಡಾಲರ್, ಕಾಗದಪತ್ರ ಪರಿಶೀಲನೆಯ ಖರ್ಚು ಬೇರೆ. ಪಾಸಾದ ಮಾತ್ರಕ್ಕೆ ವೀಸಾ ಕೈಗೆ ಬರುವುದಿಲ್ಲ. ಕೊಲ್ಲಿ ದೇಶಗಳಿಗೆ ನರ್ಸಾಗಿ ಹೋಗಲು 2015ರಿಂದ ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು, ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎನ್ನುವವನನ್ನು ಬಾಗಿಲಲ್ಲೇ ನಿಲ್ಲಿಸಿ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಓದಿನ ಜೊತೆಗೇ ಮನೆ ಹತ್ತಿರದ ಯಾವುದಾದರೂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿಕೊಳ್ಳಿ. ಸಂಬಳ ಕಡಿಮೆ ಕೊಡುತ್ತಾರೆ, ಗೊತ್ತು. ಆದರೆ ಕಾಲು ಊದಿದ ಒಬ್ಬ ರೋಗಿಯನ್ನು ಕಣ್ಣಾರೆ ನೋಡಿದ ದಿನ ಹೃದಯದ ಅಧ್ಯಾಯ ಓದಿದರೆ ಅದು ಮರೆಯುವುದಿಲ್ಲ. ಅನುಭವದ ಪತ್ರವೂ ಆಯಿತು.

ಇವತ್ತಿಗೆ ಒಂದು ಪ್ರಶ್ನೆ ಕೊಡುತ್ತೇನೆ. ಸಕ್ಕರೆ ಕಾಯಿಲೆಯ ಮಹಿಳೆಗೆ ಬೆಳಿಗ್ಗೆ 7ಕ್ಕೆ ರೆಗ್ಯುಲರ್ ಇನ್ಸುಲಿನ್ ಕೊಟ್ಟಾಗಿದೆ. ತಿಂಡಿಯ ಟ್ರೇ ಇನ್ನೂ ಬಂದಿಲ್ಲ. 9 ಗಂಟೆಗೆ ಅವರು ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ, ಆದರೆ ಸರಿಯಾಗಿ ಮಾತಾಡುತ್ತಿದ್ದಾರೆ. ಗ್ಲುಕೋಮೀಟರ್ ಪಕ್ಕದ ಮೇಜಿನ ಮೇಲಿದೆ. ಹಣ್ಣಿನ ರಸ ಕುಡಿಸುವುದು, ಸಕ್ಕರೆ ಪರೀಕ್ಷಿಸುವುದು, ಡಾಕ್ಟರಿಗೆ ತಿಳಿಸುವುದು, ಮುಂದಿನ ಡೋಸ್ ತಡೆಯುವುದು... ಮೊದಲು ಯಾವುದು? ಉತ್ತರದ ಜೊತೆ 'ಏಕೆ' ಎಂಬುದನ್ನೂ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಕಮತಗಿಯ ತಂಗಿ, ನಿಮ್ಮ ಕಾರ್ಡಿಗೆ ಕಾಯುತ್ತೇನೆ.